ಭುಜದ ಸುಣ್ಣ ತಿಕ್ಕಿದರೆ ಕರಗುವುದೇ?

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಭುಜ ಹಿಡಿದುಕೊಂಡರೆ ಹಲವರು ಮೊದಲು ಹೋಗುವುದು ಎಣ್ಣೆ ಹಚ್ಚಿ ತಿಕ್ಕುವವರ ಬಳಿಗೆ. ಹಿಂದೆ 'ನರ ಸರಿದಿದೆ' ಎನ್ನುತ್ತಿದ್ದರು. ಎಕ್ಸ್-ರೇ ಚಿತ್ರ ಕೈಗೆ ಬಂದ ಮೇಲೆ ಮಾತು ಬದಲಾಗಿದೆ: 'ಸುಣ್ಣ ಕಟ್ಟಿದೆ, ತಿಕ್ಕಿ ಕರಗಿಸುತ್ತೇವೆ'.

ಶಿಗ್ಗಾವಿ ಕಡೆಯ ನನ್ನ ಪರಿಚಯದ ಶಿಕ್ಷಕರೊಬ್ಬರಿಗೆ ಬಲಗೈ ಎತ್ತಿ ಕಪ್ಪುಹಲಗೆಯ ಮೇಲೆ ಬರೆಯಲಾಗದಷ್ಟು ನೋವು. ತಿಕ್ಕಿಸಿಕೊಂಡ ಮೇಲೆ ಮೂರು ರಾತ್ರಿ ನಿದ್ದೆಯಿಲ್ಲ. ಎರಡು ವಾರಗಳಲ್ಲಿ ನೋವು ಇಳಿಯಿತು. ಕೆಲವು ತಿಂಗಳ ನಂತರ ತೆಗೆಸಿದ ಎಕ್ಸ್-ರೇಯಲ್ಲಿ ಬಿಳಿಯ ಕಲೆಯೂ ಇರಲಿಲ್ಲ. ಇನ್ನೇನು ಪುರಾವೆ ಬೇಕು ಎಂಬುದು ಅವರ ಪ್ರಶ್ನೆ. ವಿಜ್ಞಾನ ಶಿಕ್ಷಕರೇ ಹೀಗೆ ಕೇಳಿದಾಗ ಉತ್ತರವನ್ನು ಸ್ವಲ್ಪ ವಿವರವಾಗಿಯೇ ಕೊಡಬೇಕಾಗುತ್ತದೆ.

ಮೊದಲಿಗೆ, ಇದು ಎಲೆ ಅಡಿಕೆಯ ಸುಣ್ಣವಲ್ಲ. ಎಲೆ ಮೆಲ್ಲುವ ಸವಣೂರಿನವರು ಈ ವಿಷಯದಲ್ಲಿ ನಿಶ್ಚಿಂತರಾಗಿರಬಹುದು. ತಿನ್ನುವ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಭುಜದಲ್ಲಿ ಶೇಖರವಾಗುವುದು ಮೂಳೆ, ಹಲ್ಲುಗಳಲ್ಲಿರುವ ಖನಿಜಕ್ಕೆ ಹತ್ತಿರದ ಕ್ಯಾಲ್ಸಿಯಂ ಫಾಸ್ಫೇಟ್. ರಕ್ತದ ಕ್ಯಾಲ್ಸಿಯಂ ಪ್ರಮಾಣವನ್ನು ಹಾರ್ಮೋನುಗಳು ಬಿಗಿಯಾಗಿ ಕಾಯುವುದರಿಂದ ಊಟದಲ್ಲಿ ಹೆಚ್ಚಾದದ್ದು ನೇರವಾಗಿ ಭುಜಕ್ಕೆ ಹೋಗಿ ಕೂರುವುದಿಲ್ಲ. ಸ್ನಾಯುವನ್ನು ಮೂಳೆಗೆ ಜೋಡಿಸುವ ಸ್ನಾಯುರಜ್ಜುವಿನೊಳಗಿನ ಜೀವಕೋಶಗಳಲ್ಲಿ ಆಗುವ ಬದಲಾವಣೆಯೇ ಈ ಶೇಖರಣೆಗೆ ಕಾರಣ. ಹೆಚ್ಚಾಗಿ ಕಾಣಿಸುವುದು ಸುಪ್ರಾಸ್ಪೈನೇಟಸ್ ಎಂಬ ಸ್ನಾಯುವಿನ ರಜ್ಜುವಿನಲ್ಲಿ, ಮೂವತ್ತರಿಂದ ಅರವತ್ತು ವರ್ಷದವರಲ್ಲಿ.

ಇನ್ನು ಮುಖ್ಯ ಸಂಗತಿ. ಈ ಶೇಖರಣೆ ಹಂತಹಂತವಾಗಿ ಸಾಗುತ್ತದೆ. ಕೂಡುವ ಹಂತದಲ್ಲಿ ಅದು ಸೀಮೆಸುಣ್ಣದಂತೆ ಗಟ್ಟಿ. ನೋವು ಕಡಿಮೆ, ಕೆಲವರಿಗೆ ಇಲ್ಲವೇ ಇಲ್ಲ. ಮುಂದೆ ದೇಹವೇ ಅದನ್ನು ಹೀರಿಕೊಳ್ಳತೊಡಗಿದಾಗ ಟೂತ್‌ಪೇಸ್ಟಿನಂತೆ ಮೆತ್ತಗಾಗುತ್ತದೆ, ಉರಿಯೂತವಾಗುತ್ತದೆ. ತಡೆಯಲಾರದ ನೋವು ಬರುವುದು ಆಗಲೇ. ಅಂದರೆ ರೋಗಿ ತಿಕ್ಕುವವರ ಬಾಗಿಲಿಗೆ ಹೋಗುವ ಹೊತ್ತಿಗೆ ಕರಗುವ ಕೆಲಸ ಹಲವೊಮ್ಮೆ ಒಳಗೆ ಶುರುವಾಗಿರುತ್ತದೆ! ನನ್ನ ಪರಿಚಯದ ಶಿಕ್ಷಕರ ಕಥೆಗೆ ಇಷ್ಟೇ ವಿವರಣೆ ಸಾಕು. ಆ ಮೂರು ರಾತ್ರಿಗಳ ನೋವಿಗೆ ತಿಕ್ಕಾಟವೂ ಒಂದಿಷ್ಟು ಸೇರಿಸಿರಬಹುದು. ಉರಿಯೂತವಿದ್ದಾಗ ಬಲವಾಗಿ ಒತ್ತುವುದು ಸಲ್ಲದು.

ಬೆರಳಿನ ಒತ್ತಡ ಆ ಜಾಗಕ್ಕೆ ತಲುಪುವುದಾದರೂ ಹೇಗೆ? ಮೇಲೆ ದಪ್ಪನೆಯ ಡೆಲ್ಟಾಯ್ಡ್ ಸ್ನಾಯು, ಹೆಗಲೆಲುಬಿನ ಚಾಚು. ಕೆಳಗೆ ರಜ್ಜು, ಅದರ ಒಳಗೆ ಖನಿಜ. ಬ್ರಿಟನ್ನಿನ ವೈದ್ಯ ಜೇಮ್ಸ್ ಸಿರಿಯಾಕ್ಸ್ ರಜ್ಜುವಿಗೆ ಅಡ್ಡಲಾಗಿ ಆಳವಾಗಿ ಉಜ್ಜುವ ವಿಧಾನವನ್ನು ಪ್ರಚಾರಕ್ಕೆ ತಂದರು. ಅದನ್ನು ಕುರಿತ 2014ರ ಕಾಕ್ರೇನ್ ವಿಮರ್ಶೆಗೆ ಸಿಕ್ಕಿದ್ದು ಎರಡೇ ಚಿಕ್ಕ ಪ್ರಯೋಗಗಳು, ಒಟ್ಟು 57 ಜನ. ಅವೂ ಮೊಣಕೈ ಮತ್ತು ಮೊಣಕಾಲಿನವು. ಕೈಯಿಂದ ನೀವುವುದು, ಚಲನೆ ಮಾಡಿಸುವುದು ಭುಜದ ಬಿಗಿತ ಸಡಿಲಿಸಲು, ಕೀಲು ಮರಗಟ್ಟದಂತೆ ಕಾಯಲು ನೆರವಾಗಬಹುದು. ಅದನ್ನು ಅಷ್ಟಕ್ಕೇ ಹೇಳಿದರೆ ನಮ್ಮ ತಕರಾರಿಲ್ಲ.

ತಿಕ್ಕುವವರನ್ನು ಮಾತ್ರ ಹಳಿಯುವುದೂ ನ್ಯಾಯವಲ್ಲ. 1999ರಲ್ಲಿ ವಿಯೆನ್ನಾದ ತಜ್ಞರು ಅಲ್ಟ್ರಾಸೌಂಡ್ ಚಿಕಿತ್ಸೆ ಪರೀಕ್ಷಿಸಿದರು. ಒಂಬತ್ತು ತಿಂಗಳ ನಂತರ ಚಿಕಿತ್ಸೆ ಪಡೆದ ಭುಜಗಳಲ್ಲಿ ಶೇಕಡ 42ರಷ್ಟರಲ್ಲಿ ಶೇಖರಣೆ ಮಾಯವಾಗಿತ್ತು. ಹುಸಿ ಚಿಕಿತ್ಸೆಯವುಗಳಲ್ಲಿ ಶೇಕಡ 8. ಆದರೆ ಅಷ್ಟು ಹೊತ್ತಿಗೆ ನೋವಿನಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಉಳಿದಿರಲಿಲ್ಲ. ಸೂಜಿ ಚುಚ್ಚಿ ಖನಿಜವನ್ನು ತೊಳೆದು ತೆಗೆಯುವುದು ಆಸ್ಪತ್ರೆಗಳ ಮೆಚ್ಚಿನ ವಿಧಾನ. ನಾರ್ವೆ, ಸ್ವೀಡನ್ನುಗಳಲ್ಲಿ 220 ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಹುಸಿ ಚಿಕಿತ್ಸೆಗಿಂತ ಮೇಲೆಂದು ಕಾಣಲಿಲ್ಲ. ಹೋಲಿಕೆಯ ಗುಂಪು ಇರದಿದ್ದರೆ ತಜ್ಞರೂ ನಮ್ಮ ಶಿಕ್ಷಕರಂತೆಯೇ ತೀರ್ಮಾನಿಸುತ್ತಿದ್ದರು.

ನನ್ನ ಆಕ್ಷೇಪಣೆಗೆ ಇನ್ನೊಂದು ಕಾರಣವಿದೆ. ಭುಜ ನೋಯುವುದಕ್ಕೆ ಸುಣ್ಣವೊಂದೇ ಕಾರಣವಲ್ಲ. ಜ್ವರದೊಡನೆ ಬಾತ ಭುಜ ಸೋಂಕಿನದಿರಬಹುದು. ಬೆವರು, ಎದೆ ಬಿಗಿತದೊಡನೆ ಬಂದ ಎಡಭುಜದ ನೋವು ಹೃದಯದ್ದಿರಬಹುದು. ಅಲ್ಲಿ ತಿಕ್ಕುತ್ತಾ ಕಳೆದ ಸಮಯ ಪ್ರಾಣಕ್ಕೇ ಎರವಾದೀತು.

ಅಂದ ಹಾಗೆ, ಆ ಶಿಕ್ಷಕರ ಎಡಭುಜದ ಎಕ್ಸ್-ರೇಯಲ್ಲೂ ಅಂಥದೇ ಬಿಳಿಯ ಕಲೆಯೊಂದಿದೆ. ಅದಿನ್ನೂ ನೋಯುತ್ತಿಲ್ಲ, ಅದನ್ನು ಯಾರೂ ತಿಕ್ಕಿಲ್ಲ. ಮುಂದಿನ ವರ್ಷ ಮತ್ತೊಂದು ಎಕ್ಸ್-ರೇ ತೆಗೆಸಿ ನೋಡೋಣ ಎಂದು ಅವರೇ ಹೇಳಿದ್ದಾರೆ.