ಪೆಟ್ಟಿಗೆಯ ಮೇಲಿನ 1200

ಮನೆಯ ಗಣಕಕ್ಕೆ ನಿಸ್ತಂತು ಅಡಾಪ್ಟರ್ ಕೊಳ್ಳಲು ಹೋದರೆ ಮೊದಲು ಕಣ್ಣಿಗೆ ಬೀಳುವುದು ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ: ಎಸಿ600, ಎಸಿ1200, ಎಎಕ್ಸ್1800. ಏನು 1200? ಏಕಮಾನವೇ ಇಲ್ಲ. ಪ್ರಯೋಗದ ದಾಖಲೆಯಲ್ಲಿ ಏಕಮಾನ ಬರೆಯದ ವಿದ್ಯಾರ್ಥಿಗೆ ನಾವು ಅಂಕ ಕಳೆಯುತ್ತೇವೆ. ತಯಾರಕರಿಗೆ ಮಾತ್ರ ರಿಯಾಯಿತಿ!

ಈ ಅಂಕಿ ಹುಟ್ಟಿದ ಬಗೆಯನ್ನು ನೋಡೋಣ. ಎಸಿ ಎಂಬುದು 2013ರಲ್ಲಿ ಅಂಗೀಕೃತವಾದ 802.11ಎಸಿ ಮಾನಕ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಸೆಕೆಂಡಿಗೆ 300 ಮೆಗಾಬಿಟ್, 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ 867, ಕೂಡಿಸಿದರೆ 1167. ಅದನ್ನು 1200ಕ್ಕೆ ಏರಿಸಿ ಅಚ್ಚು ಹಾಕುತ್ತಾರೆ. ಆದರೆ ಇಂಥ ಅಡಾಪ್ಟರ್ ಒಂದು ಸಮಯಕ್ಕೆ ಒಂದೇ ಪಟ್ಟಿಯಲ್ಲಿ ಕೆಲಸ ಮಾಡುತ್ತದೆ. (ಎರಡನ್ನೂ ಒಟ್ಟಿಗೆ ಬಳಸುವ ಏರ್ಪಾಡು ಬಂದದ್ದು ವೈ-ಫೈ 7ರಲ್ಲಿ.) ಮೈಸೂರಿಗೆ ಹೊರಟವನು ಬಸ್ಸಿನ ವೇಗಕ್ಕೆ ರೈಲಿನ ವೇಗವನ್ನು ಕೂಡಿಸಿ, ತಲಪುವ ಹೊತ್ತನ್ನು ಲೆಕ್ಕ ಹಾಕಿದಂತಾಯಿತು ಇದು. ಉಳಿದ 867 ಕೂಡ ಆದರ್ಶ ಸ್ಥಿತಿಯ ಗರಿಷ್ಠ ದರ. ಸ್ವೀಕೃತಿ ಸಂಕೇತಗಳು, ಸರದಿ ಕಾಯುವಿಕೆ ಇವೆಲ್ಲ ಕಳೆದು ಕೈಗೆ ಸಿಗುವುದು ಬಹಳ ಕಡಿಮೆ. ಸಾಲದ್ದಕ್ಕೆ ಇವುಗಳಲ್ಲಿ ಕೆಲವು ಯುಎಸ್‌ಬಿ 2.0 ಮಾದರಿಯವು. ಆ ದ್ವಾರದ ಗರಿಷ್ಠ ದರವೇ 480 ಮೆಗಾಬಿಟ್!

ವೇಗದ ಮಾತು ಇಷ್ಟು ಸಾಕು. ಮನೆಯಲ್ಲಿ ಬೇಕಾದದ್ದು ಕಡಿಯದ ಸಂಪರ್ಕ. ನನ್ನ ವಿದ್ಯಾರ್ಥಿನಿಯೊಬ್ಬಳು ಆನ್‌ಲೈನ್ ಪರೀಕ್ಷೆಯ ನಡುವೆ ಸಂಪರ್ಕ ತಪ್ಪಿ ಅರ್ಧ ಗಂಟೆ ಕಳೆದುಕೊಂಡಳು. ಅವಳ ಬಳಿ ಇದ್ದದ್ದು ಉಗುರಿನಷ್ಟು ಗಾತ್ರದ ‘1200’. ನೋಡಿದರೆ, ಅದು ಮೇಜಿನ ಕೆಳಗೆ, ಉಕ್ಕಿನ ಪೆಟ್ಟಿಗೆಯ ಹಿಂದೆ, ಗೋಡೆಗೆ ಮುಖ ಮಾಡಿ ಕುಳಿತಿತ್ತು. ಪಕ್ಕದ ದ್ವಾರದಲ್ಲಿ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್. ಎರಡು ಗೋಡೆ ದಾಟಬೇಕಾದ ಅವಳ ಕೋಣೆಗೆ 5 ಗಿಗಾಹರ್ಟ್ಸ್ ಅಲೆಗಳು ಸರಿಯಾಗಿ ತಲಪುತ್ತಿರಲಿಲ್ಲ. ಹಾಗಾಗಿ ಅಡಾಪ್ಟರ್ 2.4ರಲ್ಲೇ ಇತ್ತು.

ಇಲ್ಲಿ ಭೌತವಿಜ್ಞಾನವನ್ನು ಗಮನಿಸಿ. 2.4 ಗಿಗಾಹರ್ಟ್ಸ್ ಅಲೆಯ ತರಂಗದೂರ ಸುಮಾರು 12.5 ಸೆಂ.ಮೀ. ಕಾಲು ತರಂಗದೂರದ ಆಂಟೆನಾಕ್ಕೆ 3 ಸೆಂ.ಮೀ.ಗೂ ಮೀರಿದ ಉದ್ದ ಬೇಕು. ಅಡಾಪ್ಟರ್‌ನ ದೇಹವೇ ಅದಕ್ಕಿಂತ ಚಿಕ್ಕದು! ಆಂಟೆನಾವನ್ನು ಮಡಚಿ ಒಳಗೆ ತುರುಕಬಹುದು. ಆದರೆ ದಕ್ಷತೆಯ ರೂಪದಲ್ಲಿ ಬೆಲೆ ತೆರಬೇಕು. ಎರಡು ಆಂಟೆನಾಗಳು ಬೇರೆ ಬೇರೆಯಾಗಿ ಸಂಜ್ಞೆ ಹಿಡಿಯಬೇಕಾದರೆ ಅವುಗಳ ನಡುವೆ ಸುಮಾರು ಅರ್ಧ ತರಂಗದೂರ ಅಂತರವಿದ್ದರೆ ಒಳ್ಳೆಯದು. ಉಗುರಿನಲ್ಲಿ ಅದಕ್ಕೆ ಜಾಗವೆಲ್ಲಿ? ಇನ್ನು ಯುಎಸ್‌ಬಿ 3.0 ಸಾಧನಗಳು 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೋ ಗದ್ದಲ ಎಬ್ಬಿಸುತ್ತವೆ ಎಂದು ಇಂಟೆಲ್ ಸಂಸ್ಥೆ 2012ರಲ್ಲೇ ಪ್ರಕಟಿಸಿತ್ತು. ಪೆಟ್ಟಿಗೆಯ ಮೇಲೆ ಇದರ ಸುಳಿವು ಇರುವುದಿಲ್ಲ.

ಒಂದು ಮೀಟರ್ ಯುಎಸ್‌ಬಿ ವಿಸ್ತರಣಾ ಕೇಬಲ್ ತಂದು ಅಡಾಪ್ಟರನ್ನು ಮೇಜಿನ ಮೇಲಿಟ್ಟೆವು. ಹೊಸದನ್ನು ಕೊಳ್ಳುವ ಅಗತ್ಯವೇ ಬೀಳಲಿಲ್ಲ.

ಇನ್ನೊಂದು ಆಕ್ಷೇಪ ಒಳಗಿನ ಚಿಪ್ಪಿನದು. ಸ್ಥಿರತೆಗೆ ಹೆಚ್ಚಿನ ಮಟ್ಟಿಗೆ ಚಿಪ್ಪು ಮತ್ತು ಅದರ ಚಾಲಕ ತಂತ್ರಾಂಶವೇ ಆಧಾರ. ಆದರೆ ಅದರ ಹೆಸರು ಪೆಟ್ಟಿಗೆಯ ಮೇಲೆ ಕಾಣುವುದು ಅಪರೂಪ. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ಪ್ರಸಿದ್ಧ ಉದಾಹರಣೆ. ಮೊದಲ ವರ್ಷನ್‌ನಲ್ಲಿ ಅಥೆರೋಸ್ ಚಿಪ್ಪಿತ್ತು, ಲಿನಕ್ಸ್ ಬಳಸುವವರು ಅದನ್ನು ಮೆಚ್ಚಿದರು. ಎರಡನೆಯ ವರ್ಷನ್‌ನಿಂದ ಚಿಪ್ಪು ರಿಯಲ್‌ಟೆಕ್‌ನದಾಯಿತು, ಮಾದರಿಯ ಹೆಸರು ಮಾತ್ರ ಅದೇ ಉಳಿಯಿತು. ಆದ್ದರಿಂದ ವರ್ಷನ್ ಸಂಖ್ಯೆಯನ್ನು ಕೇಳದೆ ಹಣ ಕೊಡಬೇಡಿ.

ರೂಟರ್‌ವರೆಗೆ ತಂತಿ ಎಳೆಯಲು ಸಾಧ್ಯವಿದ್ದರೆ ಎಳೆಯಿರಿ, ಅಡಾಪ್ಟರ್‌ನ ಗೊಡವೆಯೇ ಬೇಡ. ಇಲ್ಲವಾದರೆ ಮೇಜಿನ ಗಣಕಕ್ಕೆ ನಾನು ಆರಿಸುವುದು ಪಿಸಿಐ ಎಕ್ಸ್‌ಪ್ರೆಸ್ ಕಾರ್ಡನ್ನು, ಅದೂ ಕೇಬಲ್ ಮೂಲಕ ಆಂಟೆನಾವನ್ನು ದೂರಕ್ಕೆ ತಂದಿಡಬಹುದಾದದ್ದನ್ನು. ಉಗುರು ಗಾತ್ರದವು ಪ್ರಯಾಣಕ್ಕೆ ಸಾಕು.

ಕೊಂಡ ಮೇಲೆ, ಹಿಂತಿರುಗಿಸುವ ಅವಧಿಯೊಳಗೆ, ಈ ಪರೀಕ್ಷೆ ಮಾಡಿ. ರೂಟರ್‌ನ ವಿಳಾಸಕ್ಕೆ ಪಿಂಗ್ ಆದೇಶವನ್ನು ನೂರು ಬಾರಿ ಕೊಡಿ. ಎಷ್ಟು ಉತ್ತರ ತಪ್ಪಿದವು, ಅತಿ ಹೆಚ್ಚು ಸಮಯ ಎಷ್ಟು ಎಂಬುದನ್ನು ಬರೆದಿಡಿ. ಅಡಾಪ್ಟರ್‌ನ ಜಾಗ ಬದಲಿಸಿ ಮತ್ತೆ ಅಳೆಯಿರಿ. ನನ್ನ ವಿದ್ಯಾರ್ಥಿನಿಯ ಮನೆಯಲ್ಲಿ ಕೇಬಲ್ ಹಾಕುವ ಮುನ್ನ ಆಗಾಗ ಉತ್ತರ ತಪ್ಪುತ್ತಿತ್ತು. ಹಾಕಿದ ಮೇಲೆ ನೂರರಲ್ಲಿ ಒಂದೂ ತಪ್ಪಲಿಲ್ಲ. ಏಕಮಾನವನ್ನು ಅವಳೇ ನೆನಪಿಟ್ಟು ಬರೆದಳು, ಮಿಲಿಸೆಕೆಂಡ್.