ಎಳೆಹೂಟೆ

ಶರಣರಾದ ಹರಳಯ್ಯ, ಮಧುವರಸರಿಗೆ ಕಲ್ಯಾಣದ ದೊರೆ ಬಿಜ್ಜಳ ಕೊಟ್ಟ ಶಿಕ್ಷೆ ಯಾವುದು? ಧಾರವಾಡದ ಸಪ್ತಾಪುರದ ಕೋಚಿಂಗ್ ಕ್ಲಾಸುಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು ಉತ್ತರಕ್ಕೆ ತಡಕಾಡುವುದಿಲ್ಲ: ಎಳೆಹೂಟೆ. ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸುವುದು. ಆದರೆ ಆ ಪದದೊಳಗೆ ಆನೆಯೂ ಇಲ್ಲ, ಕಾಲೂ ಇಲ್ಲ.

ಹೂಟೆ ಹುಟ್ಟಿದ್ದು ‘ಹೂಡು’ ಎಂಬುದರಿಂದ. ನೋಡು ನೋಟವಾದಂತೆ, ಕೂಡು ಕೂಟವಾದಂತೆ ಇಲ್ಲಿಯೂ ಡಕಾರ ಟಕಾರವಾಗಿದೆ. ಎತ್ತುಗಳ ಹೆಗಲಿಗೆ ನೊಗವಿಟ್ಟು ನೇಗಿಲು ಕಟ್ಟುವುದು ಹೂಡುವುದು. ಹಾಗೆ ಹೂಡಿ ಉಳುವುದು ಹೂಟೆ. ಬಾಣ ಹೂಡುವುದು, ಸಂಚು ಹೂಡುವುದು, ಕೋರ್ಟಿನಲ್ಲಿ ದಾವೆ ಹೂಡುವುದು ಎಲ್ಲವೂ ಇದೇ ಹೂಡು. ಹಳ್ಳಿಯಿಂದ ಬಂದ ವಿದ್ಯಾರ್ಥಿಗೆ ಇದನ್ನು ನಿಘಂಟು ಹೇಳಿಕೊಡಬೇಕಿಲ್ಲ. ನನ್ನ ಓದಿನಲ್ಲಿ ಎಳೆಹೂಟೆ ಹೊಲದಿಂದ ಬಂದ ಮಾತು. ಎತ್ತಿನ ಜಾಗದಲ್ಲಿ ಆನೆ, ನೇಗಿಲಿನ ಜಾಗದಲ್ಲಿ ಮನುಷ್ಯ, ಉಳುವ ನೆಲ ಕಲ್ಯಾಣದ ಬೀದಿ. ಈ ಹೆಸರಿಟ್ಟವರು ಒಕ್ಕಲುತನ ಬಲ್ಲವರೇ ಇರಬೇಕು. ಇಷ್ಟು ಘೋರವಾದದ್ದನ್ನು ಹೇಳಲು ಅವರಿಗೆ ದಿನನಿತ್ಯದ ಕೆಲಸದ ಮಾತೇ ಸಾಕಾಯಿತು. ಅದನ್ನು ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಇದರ ಪಕ್ಕ ‘ತಲೆದಂಡ’ವನ್ನು ಇಟ್ಟು ನೋಡಿ. ತಲೆ ಅಚ್ಚಗನ್ನಡ, ದಂಡ ಸಂಸ್ಕೃತ. ಇಂಥ ಕೂಡಿಕೆಯನ್ನು 13ನೆಯ ಶತಮಾನದ ವೈಯಾಕರಣ ಕೇಶಿರಾಜ ಅರಿಸಮಾಸ ಎಂದ. ದಂಡವೆಂದರೆ ಕೋಲು, ಕೋಲು ಹಿಡಿದವನ ಅಧಿಕಾರ, ಅವನು ಕೊಡುವ ಶಿಕ್ಷೆ, ಅವನಿಗೆ ತೆರುವ ಹಣ ಎಲ್ಲಕ್ಕೂ ಅದೇ ಹೆಸರು. ಹಣದ ಬದಲು ತಲೆಯನ್ನೇ ತೆತ್ತರೆ ತಲೆದಂಡ. ಇದು ಆಸ್ಥಾನದ ಮಾತು. ಗಿರೀಶ ಕಾರ್ನಾಡರು ಕಲ್ಯಾಣದ ಕತೆಯ ತಮ್ಮ 1990ರ ನಾಟಕಕ್ಕೆ ಇದೇ ಹೆಸರಿಟ್ಟರು. 1994ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಈಗಿನ ಪತ್ರಿಕೆಗಳಲ್ಲಿ ಮಂತ್ರಿ ರಾಜೀನಾಮೆ ಕೊಟ್ಟರೂ ತಲೆದಂಡ, ಅಧಿಕಾರಿ ಅಮಾನತಾದರೂ ತಲೆದಂಡ. ತಲೆ ಹೋಗದೆಯೂ ನಡೆಯುವ ತಲೆದಂಡ ಇದು. ಎಳೆಹೂಟೆಯನ್ನು ಯಾವ ಉಪಸಂಪಾದಕರೂ ಹಾಗೆ ಬಳಸಿದ್ದನ್ನು ನಾನು ಕಂಡಿಲ್ಲ, ಬಳಸುವುದೂ ಬೇಡ.

ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಆದ ಮದುವೆಯೇ ಈ ಶಿಕ್ಷೆಗೆ ಕಾರಣವೆಂಬ ಕತೆ ಎಲ್ಲರಿಗೂ ಗೊತ್ತು. ಆದರೆ ಭೀಮಕವಿಯ ಬಸವಪುರಾಣವನ್ನು ತೆರೆದರೆ ಶಿಕ್ಷೆಯೇ ಬೇರೆ. 1369ರಲ್ಲಿ, ಪಾಲ್ಕುರಿಕೆ ಸೋಮನಾಥನ ತೆಲುಗು ಕಾವ್ಯವನ್ನು ಅನುಸರಿಸಿ ಬರೆದ ಆ ಪುರಾಣದಲ್ಲಿ ಬಿಜ್ಜಳ ಈ ಇಬ್ಬರು ಶರಣರ ಕಣ್ಣು ಕೀಳಿಸುತ್ತಾನೆ. ಪರೀಕ್ಷೆಯ ಗೈಡುಗಳಲ್ಲಿ ಈ ವಿಷಯ ಇರಲೇಬೇಕು ಎಂಬುದು ನನ್ನ ಒತ್ತಾಯ. ಬಿಜ್ಜಳನ ಕಾಲಕ್ಕೆ ಎರಡು ನೂರು ವರ್ಷ ಈಚಿನ ಕನ್ನಡ ಕಾವ್ಯ ಕಣ್ಣಿನ ಮಾತಾಡುತ್ತದೆ. ಜನರ ಬಾಯಲ್ಲಿ ಉಳಿದದ್ದು ಎಳೆಹೂಟೆ. ಕಣ್ಣು ಕೀಳುವ ಕೆಲಸ ನಾಲ್ಕು ಗೋಡೆಗಳ ನಡುವೆ ಮುಗಿಯಬಹುದು. ಎಳೆಹೂಟೆಗೆ ಬೀದಿ ಬೇಕು, ಎರಡೂ ಬದಿಗೆ ನಿಂತು ನೋಡುವ ಊರು ಬೇಕು.