ದೇವರ ಆವು ಮತ್ತು ಪವಿತ್ರ ಗೋವು

ಕನ್ನಡ ಮಲಯಾಳಗಳೆರಡೂ ಒಂದೇ ರಟ್ಟಿನೊಳಗೆ ಬರುವ ಇಂಥ ವಾರ್ಷಿಕವನ್ನು ಓದುವವನಿಗೆ ಒಂದು ಅನುಕೂಲವಿದೆ. ಎರಡು ಭಾಷೆಗಳ ಗುಣದೋಷಗಳು ಅಕ್ಕಪಕ್ಕದಲ್ಲಿ ಕಾಣುತ್ತವೆ. ಮಲಯಾಳದ ಲೇಖಕರು ಒಂದು ವಿಷಯದ ಮೇಲೆ ‘ವೆಳಿಚ್ಚಂ ವೀಶಿದರೆ’ ನಮ್ಮವರು ಅದರ ಮೇಲೆ ‘ಬೆಳಕು ಚೆಲ್ಲುತ್ತಾರೆ’. ಅವರಿಗೆ ಕಂಡದ್ದು ‘ಮಂಞುಮಲಯುಡೆ ಅಟ್ಟಂ’, ನಮಗೆ ಕಂಡದ್ದು ‘ಹಿಮಗಡ್ಡೆಯ ತುದಿ’. ಇವರು ಅವರಿಂದ ಕದ್ದಿಲ್ಲ, ಅವರು ಇವರಿಂದ ಎರವಲು ತಂದಿಲ್ಲ. ಇಬ್ಬರೂ ಒಂದೇ ಅಂಗಡಿಯಲ್ಲಿ ಸಾಲ ಮಾಡಿದ್ದಾರೆ, ಅಷ್ಟೆ. ಅಂಗಡಿ ಇಂಗ್ಲಿಷಿನದು.

ನಾನು ಕಂಬಂ ಕಣಿವೆಯವನು. ಇಲ್ಲಿ ಚಳಿಗಾಲದ ಬೆಳಗ್ಗೆ ಬೋಡಿಮೆಟ್ಟಿನ ಮೇಲೆ ಮಂಜು ಕವಿಯುತ್ತದೆಯೇ ಹೊರತು ಕಡಲಿನಲ್ಲಿ ತೇಲುವ ಹಿಮದ ಬೆಟ್ಟವನ್ನು ನಮ್ಮಲ್ಲಿ ಯಾರೂ ಕಂಡವರಲ್ಲ. ಕಾಣದ್ದನ್ನು ಹೇಳಬಾರದೆಂದಲ್ಲ. ಹೇಳುವವನಿಗೂ ಕಾಣದೆ, ಕೇಳುವವನಿಗೂ ಕಾಣದೆ ಇಬ್ಬರ ನಡುವೆ ಒಂದು ಮಾತು ಸುಮ್ಮನೆ ಓಡಾಡುತ್ತಿದ್ದರೆ ಅದಕ್ಕೆ ಉಪಮೆ ಎನ್ನಬಹುದೇ ಎಂಬುದು ನನ್ನ ಪ್ರಶ್ನೆ.

ಇಂಗ್ಲಿಷಿನವರಿಗೂ ಈ ಪ್ರಶ್ನೆ ಇತ್ತು. 1903ರಲ್ಲಿ ನಮ್ಮ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್, ರಾಜಕೀಯ ಮತ್ತು ಇಂಗ್ಲಿಷ್ ಭಾಷೆಯ ಬಗ್ಗೆ 1946ರಲ್ಲಿ ಬರೆದ ಲೇಖನದಲ್ಲಿ, ಸವೆದುಹೋದ ಇಂಥ ಮಾತುಗಳ ಒಂದು ಪಟ್ಟಿಯನ್ನೇ ಕೊಟ್ಟ. ಗೆರೆಗೆ ಕಾಲ್ಬೆರಳು ತಾಗಿಸಿ ನಿಲ್ಲುವುದೆಂಬ ಅರ್ಥದ ‘ಟೋ ದಿ ಲೈನ್’ ಎಂಬುದನ್ನು ಎಷ್ಟೋ ಜನ ಹಗ್ಗ ಎಳೆಯುವ ‘ಟೋ’ ಎಂದು ತಪ್ಪು ಕಾಗುಣಿತದಲ್ಲಿ ಬರೆಯುತ್ತಾರೆ, ಅಂದರೆ ಬರೆಯುವಾಗ ಕಣ್ಣ ಮುಂದೆ ಏನೂ ಇಲ್ಲ ಎಂದು ತೋರಿಸಿದ. ಅವರ ಮನೆಯಲ್ಲೇ ಹಳಸಿದ್ದನ್ನು ನಾವು ಬಿಸಿ ಮಾಡಿ ಬಡಿಸುತ್ತಿದ್ದೇವೆ.

ಹಾಗೆಂದು ಬಂದದ್ದನ್ನೆಲ್ಲ ಹೊರಗೆ ಹಾಕಬೇಕೆನ್ನುವ ಮಡಿವಂತಿಕೆ ನನಗಿಲ್ಲ. ‘ಮೊಸಳೆ ಕಣ್ಣೀರು’ ಎಲ್ಲಿಂದ ಬಂದಿದ್ದರೂ ಈಗ ಕನ್ನಡ, ತಮಿಳು, ಮಲಯಾಳ ಮೂರರಲ್ಲೂ ಮನೆಮಾತಾಗಿದೆ. ನಮ್ಮ ಹೊಳೆಗಳಲ್ಲಿ ಮೊಸಳೆ ಇತ್ತು, ಮಾತು ನೆಲೆ ನಿಂತಿತು. ‘ಹಂಸಗೀತೆ’ ಗ್ರೀಕರ ಕಲ್ಪನೆ. ನಮ್ಮ ಹಂಸ ಹಾಲು ನೀರು ಬೇರ್ಪಡಿಸುತ್ತಿತ್ತೇ ವಿನಾ ಸಾಯುವಾಗ ಹಾಡುತ್ತಿರಲಿಲ್ಲ. ಆದರೆ ತ.ರಾ.ಸು. ತಮ್ಮ ಕಾದಂಬರಿಗೆ ಆ ಹೆಸರಿಟ್ಟು, ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕತೆಯನ್ನು ಅದರೊಳಗೆ ತುಂಬಿದ ಮೇಲೆ, 1975ರಲ್ಲಿ ಜಿ.ವಿ. ಅಯ್ಯರ್ ಅದನ್ನು ಚಿತ್ರ ಮಾಡಿದ ಮೇಲೆ ಆ ಹಂಸ ನಮ್ಮದೇ ಆಯಿತು. ‘ಹಸಿರು ನಿಶಾನೆ’ಯನ್ನೂ ನಾನು ಸಹಿಸಿಕೊಳ್ಳುತ್ತೇನೆ. ಮಧುರೆಯಿಂದ ಬೋಡಿಗೆ ಓಡುತ್ತಿದ್ದ ರೈಲು 2010ರ ಕೊನೆಗೆ ನಿಂತು, ಹಳಿ ಅಗಲ ಮಾಡಿಸಿಕೊಂಡು ತೇನಿಗೆ ಮರಳಿದ್ದು 2022ರಲ್ಲಿ, ಬೋಡಿಗೆ 2023ರಲ್ಲಿ. ಅಷ್ಟು ವರ್ಷ ರೈಲಿಲ್ಲದಿದ್ದರೂ ನಮ್ಮವರ ಬರವಣಿಗೆಯಲ್ಲಿ ಹಸಿರು ನಿಶಾನೆಗೆ ಮಾತ್ರ ಬರವಿರಲಿಲ್ಲ!

ನನಗೆ ನಿಜವಾಗಿ ಕಳವಳ ತಂದದ್ದು ಬೇರೆ. ಚಿನ್ನಮನೂರಿನ ಕಡೆಯ ನಮ್ಮ ನೆಂಟರ ಹುಡುಗಿಯೊಬ್ಬಳು ಈ ವಾರ್ಷಿಕಕ್ಕೆಂದು ಒಂದು ಲೇಖನ ಬರೆದು ನನಗೆ ತೋರಿಸಿದಳು. ಓದಿದ್ದೆಲ್ಲ ತಮಿಳಿನಲ್ಲಿ, ಇಂಗ್ಲಿಷಿನಲ್ಲಿ. ಮನೆಯಲ್ಲಿ ಕನ್ನಡ. ಇಪ್ಪತ್ತು ದಾಟಿದ ಮೇಲೆ ತಾನಾಗಿ ಅಕ್ಷರ ಕಲಿತಳು. ವಿಷಯ, ಕಂಬಂ ಊರಿನ ನಂದಗೋಪಾಲಸ್ವಾಮಿಯ ದನದ ದೊಡ್ಡಿ. ತಮಿಳಿನಲ್ಲಿ ‘ತಂಬಿರಾನ್ ಮಾಟ್ಟು ತೊಳು’ ಎನ್ನುತ್ತಾರಲ್ಲ, ಅದು. ಲೇಖನದಲ್ಲಿ ಆ ದೊಡ್ಡಿ ನಮ್ಮ ಸಂಸ್ಕೃತಿಯ ‘ಮೈಲಿಗಲ್ಲು’ ಆಗಿತ್ತು, ಯುವಜನರು ಅದನ್ನು ಉಳಿಸುವಲ್ಲಿ ‘ಪ್ರಮುಖ ಪಾತ್ರ ವಹಿಸ’ಬೇಕಾಗಿತ್ತು, ಮತ್ತು ಸಮುದಾಯದ ಕೆಲವು ಕಟ್ಟುಪಾಡುಗಳು ಯಾರೂ ಪ್ರಶ್ನಿಸದ ‘ಪವಿತ್ರ ಗೋವು’ಗಳಾಗಿದ್ದವು.

ಪವಿತ್ರ ಗೋವು! ಹಿಂದೂಗಳ ಗೋಪೂಜೆಯನ್ನು ಕಂಡವರ ಇಂಗ್ಲಿಷಿನಲ್ಲಿ ಹುಟ್ಟಿ, ಅಮೆರಿಕದ ಪತ್ರಿಕೆಗಳಲ್ಲಿ ವ್ಯಂಗ್ಯವಾಗಿ ಬೆಳೆದ ‘ಸೇಕ್ರೆಡ್ ಕೌ’ ಏಳು ಕಡಲು ಸುತ್ತಿ ಕಂಬಂ ದೊಡ್ಡಿಗೇ ಬಂದು ನಿಂತಿದೆ. ಅಲ್ಲಿ ನಿಜವಾದ ದೇವರ ದನ ಇದೆ. 1906ರ ಮಧುರೆ ಜಿಲ್ಲೆಯ ಗೆಜೆಟಿಯರಿನಲ್ಲಿ ಡಬ್ಲ್ಯು. ಫ್ರಾನ್ಸಿಸ್ ಅದನ್ನು ದಾಖಲಿಸಿದ್ದಾನೆ. 1909ರಲ್ಲಿ ಬಂದ ಥರ್ಸ್ಟನ್ನನ ಏಳು ಸಂಪುಟಗಳಲ್ಲೂ ಅದು ಸೇರಿದೆ. ಕಪ್ಪಿಲಿಯರೆಂದು ಆ ಪುಸ್ತಕಗಳು ಕರೆಯುವ ನಮ್ಮ ಕನ್ನಡ ಒಕ್ಕಲುಮಕ್ಕಳು ಆ ಮಂದೆಯನ್ನು ‘ದೇವರ ಆವು’ ಎನ್ನುತ್ತಿದ್ದರು. ಅದರ ಮುಂದಾಳು ಹೋರಿ ‘ಪಟ್ಟದ ಆವು’. ಹಳೆಯ ಪಟ್ಟದ ಆವು ಸತ್ತರೆ ಮಂದೆಯನ್ನೆಲ್ಲ ಕೂಡಿಸಿ, ಪೂಜೆ ಮಾಡಿ, ಮುಂದೆ ಕಬ್ಬಿನ ಕಟ್ಟು ಇಡುವುದು. ಯಾವುದು ಮೊದಲು ಕಬ್ಬಿನ ಹತ್ತಿರ ಬರುತ್ತದೋ ಅದಕ್ಕೆ ಪಟ್ಟ. ‘ಆವು’ ಎಂಬ ಹಳಗನ್ನಡದ ಶಬ್ದ ಬೆಂಗಳೂರಿನ ದಿನಪತ್ರಿಕೆಗಳಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಇಂಗ್ಲಿಷ್ ಅಧಿಕಾರಿ ಅದನ್ನು ಕಿವಿಗೊಟ್ಟು ಕೇಳಿ ಬರೆದುಕೊಂಡ. ನಮ್ಮ ಹುಡುಗಿ ಅದನ್ನು ಬಿಟ್ಟು ಇಂಗ್ಲಿಷಿನ ಗೋವನ್ನು ಕಟ್ಟಿದಳು.

ಕೇಳಿದೆ. “ಮಾಮಾ, ಮನೇಲಿ ಆಡೋ ಮಾತನ್ನ ಬರೆದರೆ ಓದಿಲ್ಲದೋಳು ಅನ್ನೋದಿಲ್ವಾ?” ಎಂದಳು.

ತಪ್ಪು ಅವಳದಲ್ಲ. ಬರೆಯುವ ಕನ್ನಡ ಹೀಗಿರಬೇಕೆಂದು ಅವಳು ಕಲಿತದ್ದು ನಮ್ಮಂಥವರ ಬರವಣಿಗೆ ಓದಿ. ಬಾಯಲ್ಲಿ ಮಾತ್ರ ಶತಮಾನಗಳು ಬದುಕಿದ ಭಾಷೆಯೊಂದಕ್ಕೆ ಕೊನೆಗೆ ಅಕ್ಷರ ದಕ್ಕಿದ ಗಳಿಗೆಯಲ್ಲೇ ಅದರ ಬಾಯಿ ಕಟ್ಟಿಹೋಗುವುದು, ಶಾಲೆಯಿಲ್ಲದ ನಷ್ಟಕ್ಕಿಂತ ಸಣ್ಣ ನಷ್ಟವಲ್ಲ.

ಪರಿಹಾರವೆಂದು ಕೆಲವರು ಗಾದೆಯ ಪುಸ್ತಕ ತೆರೆಯುತ್ತಾರೆ. ಇಂಗ್ಲಿಷಿನದೊಂದನ್ನು ಕಿತ್ತು ಕನ್ನಡದ್ದೊಂದನ್ನು ನೆಡುವುದು. ಹಿಮಗಡ್ಡೆಯ ತುದಿಯ ಬದಲು ‘ಬೂದಿ ಮುಚ್ಚಿದ ಕೆಂಡ’ ಎಂದು ಒಬ್ಬರು ಸೂಚಿಸಿದರು. ಕೆಂಡದ ಮಾತು ಅಡಗಿದ ಬಿಸಿಯದು. ಹಿಮಗಡ್ಡೆಯದು ಅಡಗಿದ ಗಾತ್ರದ್ದು. ಎರಡೂ ಒಂದಾಗುವುದಿಲ್ಲ. ಗಾದೆಯೂ ಸವೆಯುತ್ತದೆ ಎಂಬುದನ್ನು ಮರೆಯಬಾರದು; ‘ಕೋಣನ ಮುಂದೆ ಕಿನ್ನರಿ’ ಬಾರಿಸುವವರಲ್ಲಿ ಕಿನ್ನರಿ ನೋಡಿದವರೆಷ್ಟು? ನಾನಾದರೆ ಗದ್ದೆಗೆ ಹೋಗುತ್ತೇನೆ. ಜೇಕಿನ ಹುಲ್ಲನ್ನು ಕಿತ್ತವರಿಗೆ ಗೊತ್ತು: ಕೈಗೆ ಬರುವುದು ನಾಲ್ಕು ಗರಿ, ಗಡ್ಡೆಗಳು ಸರಪಣಿಯಂತೆ ನೆಲದೊಳಗೇ ಉಳಿದು ವಾರದೊಳಗೆ ಮತ್ತೆ ಚಿಗುರುತ್ತವೆ. ಒಂದು ಲಂಚದ ಪ್ರಕರಣ ಬಯಲಾದಾಗ ‘ಕಿತ್ತದ್ದು ಜೇಕಿನ ಗರಿ, ಗಡ್ಡೆ ಒಳಗಿದೆ’ ಎಂದರೆ ಗಾತ್ರವೂ ಬಂತು, ಮತ್ತೆ ಹುಟ್ಟುವ ಹಠವೂ ಬಂತು. ಹಿಮಗಡ್ಡೆಗೆ ಎರಡನೆಯದು ಇಲ್ಲ. ದಿಂಡಿಗಲ್ಲಿನ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ಊರಿನ ಕಸುಬುದಾರರ ಕೈಯಲ್ಲಿ ಕೀಲಿ ತಿರುಗಿಸಿದರೆ ಗಂಟೆ ಬಾರಿಸುವ ಬೀಗವೂ ಇದೆ. ‘ಯಶಸ್ಸಿನ ಕೀಲಿಕೈ’ ಎಂದು ಸಾವಿರ ಸಲ ಬರೆದ ನಮ್ಮವರು, ಗುಟ್ಟಾಗಿ ಮಾಡಹೋಗಿ ಸಿಕ್ಕಿಬಿದ್ದವನನ್ನು ‘ಗಂಟೆಬೀಗಕ್ಕೆ ಕೈ ಹಾಕಿದ’ ಎಂದು ಒಮ್ಮೆಯೂ ಬರೆದಿಲ್ಲ. ಸಂಘಗಳ ಅಧ್ಯಕ್ಷರ ಆಯ್ಕೆಯ ಬಗ್ಗೆ ಬರೆಯುವವರು ಕಬ್ಬಿನ ಕಟ್ಟನ್ನೂ ನೆನೆಯಬಹುದು.

ಇನ್ನೊಂದು ಅಪಾಯ, ಎರವಲು ಮಾತು ಭಾವವನ್ನೇ ತಲೆಕೆಳಗು ಮಾಡುವುದು. ‘ಫ್ಲಡ್ ಗೇಟ್’ ತೆರೆಯಿತೆಂದರೆ ಇಂಗ್ಲಿಷಿನಲ್ಲಿ ಅನಾಹುತ. ನಮ್ಮವರೂ ‘ಪ್ರವಾಹದ ಬಾಗಿಲು ತೆರೆದಂತಾಯಿತು’ ಎಂದು ಭಯದಿಂದ ಬರೆಯುತ್ತಾರೆ. ಆದರೆ 1895ರಲ್ಲಿ ಪೆನ್ನಿಕ್ವಿಕ್ ಕಟ್ಟಿ ಮುಗಿಸಿದ ಪೆರಿಯಾರ್ ಅಣೆಯ ನೀರು ಸುರಂಗದಿಂದ ಈ ಕಣಿವೆಗೆ ಇಳಿಯದಿದ್ದರೆ ನಮ್ಮ ಗದ್ದೆ ಎಲ್ಲಿ? ಇಲ್ಲಿ ನೀರು ಬಿಟ್ಟ ದಿನ ಅದಕ್ಕೆ ಹೂವು ಚೆಲ್ಲುತ್ತಾರೆ. ಬೆಟ್ಟದಾಚೆ ಇಡುಕ್ಕಿಯವರಿಗೆ ಷಟರ್ ಎತ್ತಿದ್ದೆಂದರೆ 2018ರ ಆಗಸ್ಟ್. ಇಪ್ಪತ್ತಾರು ವರ್ಷಗಳ ಮೇಲೆ ಚೆರುತೋಣಿಯ ಬಾಗಿಲು ತೆರೆದ ದಿನಗಳು. ಒಂದೇ ಮಾತು ಕುಮಳಿಯ ಮೇಲೆ ಭಯ, ಕೆಳಗೆ ಹಬ್ಬ. ಇದನ್ನು ಬರೆಯಬಲ್ಲ ವಾರ್ಷಿಕವೆಂದರೆ ಎರಡು ಲಿಪಿಗಳ ಈ ವಾರ್ಷಿಕವೇ. ‘ತೂಬು ಎತ್ತಿದರು’ ಎಂದು ಎರಡು ಕಡೆಯವರೂ ತಮ್ಮ ತಮ್ಮ ಅರ್ಥದಲ್ಲಿ ಬರೆಯಲಿ.

ಕೊನೆಗೆ ‘ಕೆಂಪು ಪಟ್ಟಿ’. ಇಂಗ್ಲೆಂಡಿನ ಕಚೇರಿಗಳಲ್ಲಿ ಕಡತ ಕಟ್ಟುತ್ತಿದ್ದ ಕೆಂಪು ದಾರದ ಮಾತು ಇದು. ಕನ್ನಡ ಮಕ್ಕಳ ಪುಸ್ತಕಕ್ಕಾಗಿ, ಕನ್ನಡ ಬಲ್ಲ ಶಿಕ್ಷಕರಿಗಾಗಿ ಅಲ್ಪಸಂಖ್ಯಾತರು ಕೊಟ್ಟ ಮನವಿಗಳ ಬಗ್ಗೆ ಬರೆಯುವಾಗ ನಮ್ಮವರಿಗೆ ಇದು ತುಂಬ ಪ್ರಿಯ. 2006ರಲ್ಲಿ ತಮಿಳುನಾಡು ತಮಿಳು ಕಲಿಕೆಯನ್ನು ಕಡ್ಡಾಯ ಮಾಡಿದ ಮೇಲೆ ಇಂಥ ಮನವಿಗಳು ಹೆಚ್ಚಿದವು, ಪಟ್ಟಿಯೂ ಉದ್ದವಾಯಿತು. ಮನವಿ ‘ಕೆಂಪು ಪಟ್ಟಿಗೆ ಸಿಲುಕಿದೆ’ ಎಂದ ಕೂಡಲೇ ಅದನ್ನು ಹಿಡಿದಿಟ್ಟ ಮನುಷ್ಯ ಮಾಯವಾಗುತ್ತಾನೆ. ಪಟ್ಟಿಯ ಮೇಲೆ ಯಾರು ಮೊಕದ್ದಮೆ ಹೂಡುತ್ತಾರೆ? ಕಡತ ಕೊಳೆಯುತ್ತಿದೆ ಎಂದರೆ ಸ್ವಲ್ಪ ವಾಸಿ, ವಾಸನೆಯಾದರೂ ಬರುತ್ತದೆ. ನಮ್ಮ ಕಡೆಯ ಕೆಲವು ಮನೆಯವರು ಸೇರಿ ಒಂದು ಕಚೇರಿಗೆ ಬರೆದ ನೆನಪೋಲೆಯಲ್ಲಿ ಉಪಮೆಗಳನ್ನೆಲ್ಲ ನಾನು ತೆಗೆಸಿದೆ. ಮನವಿ ಕೊಟ್ಟ ತಾರೀಕು, ಪಡೆದವರ ಹುದ್ದೆ, ಅದು ಎಂಟು ತಿಂಗಳಿನಿಂದ ಇರುವ ಮೇಜು, ಇಷ್ಟೇ ಉಳಿಯಿತು. ಹದಿನೈದು ದಿನದಲ್ಲಿ ಉತ್ತರ ಬಂತು. ಆಗುವುದಿಲ್ಲ ಎಂದಿತ್ತು, ಆದರೆ ಕೆಳಗೆ ಒಬ್ಬರ ಸಹಿ ಇತ್ತು.